ಅಷ್ಟಾಗಿ ಹೆಸರಿಲ್ಲದ ಕಂಪನಿಯ ಗಿಟಾರ್ ಕೊಳ್ಳಬಹುದಾ?

ಪ್ರಶ್ನೆ: ನಾನು ಶಿವಮೊಗ್ಗದವನು. ಕೆಲವು ವರ್ಷಗಳಿಂದ ಅಗ್ಗದ ಅಕೌಸ್ಟಿಕ್ ಗಿಟಾರ್ ಒಂದನ್ನು ನುಡಿಸುತ್ತಿದ್ದೇನೆ. ಪಿಕ್ ಹಿಡಿಯುವುದು ಕಡಿಮೆ. ಬೆರಳಿನಿಂದಲೇ ಮೀಟಿ ಹಳೆಯ ಚಿತ್ರಗೀತೆ, ಭಾವಗೀತೆ ನುಡಿಸುತ್ತೇನೆ. ಈಗ ಒಳ್ಳೆಯ ಗಿಟಾರ್‌ಗೆಂದು 60,000 ರೂಪಾಯಿ ಕೂಡಿಟ್ಟಿದ್ದೇನೆ. ಗೆಳೆಯರು ಮಾರ್ಟಿನ್, ಟೇಲರ್, ಫೆಂಡರ್ ಬಿಟ್ಟು ಬೇರೆ ಕಡೆ ನೋಡಲೇಬೇಡ ಅಂತಾರೆ. ಆದರೆ ಈ ದುಡ್ಡಿಗೆ ಅವರ ಕೆಳಗಿನ ಸಾಲಿನ ಮಾಡೆಲ್‌ಗಳು ಮಾತ್ರ ಸಿಗುತ್ತವೆ. ಅಷ್ಟಾಗಿ ಹೆಸರು ಕೇಳದ ಕಂಪನಿಗಳಲ್ಲಿ ಒಳ್ಳೆಯ ಗಿಟಾರ್ ಇವೆಯಾ? ಕೊಂಡರೆ ರಿಪೇರಿಗೆ, ಮುಂದೆ ಮಾರುವುದಕ್ಕೆ ತೊಂದರೆ ಆಗುತ್ತಾ?

ಉತ್ತರ: ಇವೆ, ಧಾರಾಳವಾಗಿ ಇವೆ. ನಿಮ್ಮ ಬಜೆಟ್‌ಗೆ ನಾನಾದರೆ ಮೊದಲು ಅವುಗಳನ್ನೇ ನೋಡುತ್ತೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾರಣ ಗೊತ್ತಾದರೆ ನಾನು ಹೆಸರಿಸದ ಕಂಪನಿಯನ್ನೂ ನೀವೇ ಅಳೆದು ನೋಡಬಹುದು.

ದೊಡ್ಡ ಹೆಸರು ಒಂದೇ, ಆದರೆ ಅದರ ಕೆಳಗೆ ತಯಾರಾಗುವ ಗಿಟಾರ್‌ಗಳು ಬೇರೆ ಬೇರೆ ಜಾತಿಯವು. ಮಾರ್ಟಿನ್ ಕಂಪನಿ 1833ರಲ್ಲಿ ಶುರುವಾಗಿದ್ದು. ಅದರ ಹೆಸರಾಂತ ಡಿ-18, ಡಿ-28 ಗಿಟಾರ್‌ಗಳು ಅಮೆರಿಕದ ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿ ತಯಾರಾಗುತ್ತವೆ. ಕೆಳಗಿನ ಸಾಲಿನ ಎಕ್ಸ್ ಸರಣಿ ಬರುವುದು ಮೆಕ್ಸಿಕೋದ ನವೊಹೊವಾದಿಂದ. ಅದರ ಬ್ಯಾಕ್ ಮತ್ತು ಸೈಡ್ ಮರದ್ದಲ್ಲ, ಕಾಗದವನ್ನು ರಾಳದ ಜೊತೆ ಒತ್ತಿ ಮಾಡಿದ ಗಟ್ಟಿ ಹಾಳೆ. ಅಡುಗೆಮನೆ ಕಪಾಟಿಗೆ ಅಂಟಿಸುವ ಲ್ಯಾಮಿನೇಟ್ ಇದೆಯಲ್ಲ, ಅದೇ ಜಾತಿ. ಕೆಲವು ಮಾಡೆಲ್‌ಗಳಲ್ಲಿ ಟಾಪ್, ಅಂದರೆ ತಂತಿಯ ಕೆಳಗಿರುವ ಮುಂಭಾಗದ ಹಲಗೆ ಕೂಡ ಅದೇ. ಇದು ಕೆಟ್ಟ ಗಿಟಾರ್ ಅಂತ ನಾನು ಹೇಳುತ್ತಿಲ್ಲ. ಮಳೆ-ಬಿಸಿಲಿಗೆ ಇದು ಚೆನ್ನಾಗಿ ತಾಳುತ್ತದೆ, ಪ್ರಯಾಣ ಜಾಸ್ತಿ ಇರುವವರಿಗೆ ಒಳ್ಳೆಯದೇ. ಆದರೆ ಡಿ-28ರ ದನಿ ಕೇಳಿ ಮರುಳಾಗಿ ಅದೇ ಹೆಸರಿನ ಇದನ್ನು ಕೊಂಡರೆ ಆ ದನಿ ಮನೆಗೆ ಬರುವುದಿಲ್ಲ.

ಟೇಲರ್‌ನದೂ ಹೀಗೇ. ಅವರ 100 ಸರಣಿ ಮೆಕ್ಸಿಕೋದ ಟೆಕಾಟೆಯಲ್ಲಿ ತಯಾರಾಗುತ್ತದೆ. ಟಾಪ್ ಸಾಲಿಡ್ (ಪದರವಿಲ್ಲದ ಇಡೀ ಮರದ) ಸ್ಪ್ರೂಸ್, ಬ್ಯಾಕ್ ಮತ್ತು ಸೈಡ್ ಪದರಪದರವಾಗಿ ಅಂಟಿಸಿದ ಮರ. ಗಿಟಾರ್ ಚೆನ್ನಾಗಿಯೇ ಇದೆ. ಆದರೆ ಅಷ್ಟೇ ದುಡ್ಡಿಗೆ ಬೇರೆಯವರು ಏನು ಕೊಡುತ್ತಾರೆ ಅಂತ ನೋಡದೆ ಅದನ್ನು ಕೊಳ್ಳುವುದು ಬೇಡ.

ನನ್ನ ಲೆಕ್ಕ ಇಷ್ಟೇ. ದೊಡ್ಡ ಕಂಪನಿಯ ಅತಿ ಕೆಳಗಿನ ಮಾಡೆಲ್‌ಗಿಂತ, ಸ್ವಂತ ಕಾರ್ಖಾನೆಯಲ್ಲಿ ನಿಮ್ಮ ಬೆಲೆಯ ಗಿಟಾರನ್ನೇ ಮುಖ್ಯ ಕಸುಬಾಗಿ ಮಾಡುವವರ ಗಿಟಾರ್ ನೋಡಿ. ಅವರ ಹೆಸರು ಉಳಿಯುವುದೇ ಆ ಗಿಟಾರ್‌ನಿಂದ, ಹಾಗಾಗಿ ಅಲ್ಲಿ ಕೈ ಬಿಗಿ ಹಿಡಿಯುವುದಿಲ್ಲ.

ಇದಕ್ಕೆ ನನಗೆ ತಕ್ಷಣ ನೆನಪಾಗುವ ಉದಾಹರಣೆ ಸೀಗಲ್. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಲಾ ಪಾತ್ರಿ ಅಂತ ಒಂದು ಸಣ್ಣ ಊರಿದೆ. ರಾಬರ್ಟ್ ಗೊಡಿನ್ ಅಲ್ಲಿ 1972ರಲ್ಲಿ ಗಿಟಾರ್ ಮಾಡಲು ಶುರು ಮಾಡಿದರು. ಸೀಗಲ್ ಅನ್ನುವ ಹೆಸರು ಬಂದದ್ದು 1982ರಲ್ಲಿ. ಸೈಮನ್ ಅಂಡ್ ಪ್ಯಾಟ್ರಿಕ್, ನಾರ್ಮನ್, ಆರ್ಟ್ ಅಂಡ್ ಲುಥರಿ ಇವೆಲ್ಲ ಅದೇ ಮನೆಯವು. ಸೀಗಲ್‌ನ ಎಸ್6 ಮಾಡೆಲ್ ನಿಮ್ಮ ಕೈಗೆ ಹೇಳಿ ಮಾಡಿಸಿದಂತಿದೆ ಅಂತ ನನಗನ್ನಿಸುತ್ತದೆ. ಕಾರಣ ಹೇಳುತ್ತೇನೆ.

ಮೊದಲನೆಯದು ಟಾಪ್. ಸಾಮಾನ್ಯವಾಗಿ ಅಕೌಸ್ಟಿಕ್ ಗಿಟಾರ್‌ಗೆ ಸ್ಪ್ರೂಸ್ ಹಾಕುತ್ತಾರೆ. ಎಸ್6ಗೆ ಹಾಕುವುದು ಸಾಲಿಡ್ ಸೀಡರ್. ಸೀಡರ್ ಮೆದು ಮರ, ಮೆಲ್ಲಗೆ ಮೀಟಿದರೂ ತಕ್ಷಣ ದನಿ ಕೊಡುತ್ತದೆ. ದನಿಯೂ ತುಂಬಿಕೊಂಡು, ಬೆಚ್ಚಗೆ ಬರುತ್ತದೆ. ಪಿಕ್ ಹಿಡಿದು ಜೋರಾಗಿ ಬಾರಿಸುವವರಿಗೆ ಅದು ಒಂದು ಹಂತ ದಾಟಿದ ಮೇಲೆ ಸಾಲದು ಅನ್ನಿಸಬಹುದು. ಬೆರಳಿನಿಂದ ಭಾವಗೀತೆ ನುಡಿಸುವವರಿಗೆ ಅದರ ಗುಣ ಮೊದಲ ದಿನವೇ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಮೆದು ಮರವಾದ್ದರಿಂದ ಉಗುರು ತಾಗಿದರೂ ಗೀರು ಬೀಳುತ್ತದೆ.

ಎರಡನೆಯದು ನಟ್‌ನ ಅಗಲ. ನಟ್ ಅಂದರೆ ಗಿಟಾರ್‌ನ ಉದ್ದನೆಯ ಕತ್ತಿನ (ನೆಕ್) ತುದಿಯಲ್ಲಿ ತಂತಿಗಳು ಹಾದುಹೋಗುವ ಸಣ್ಣ ಪಟ್ಟಿ. ಮಾಮೂಲಿ ಅಕೌಸ್ಟಿಕ್ ಗಿಟಾರ್‌ನಲ್ಲಿ ನಟ್ 43 ಮಿ.ಮೀ. ಆಸುಪಾಸು ಇರುತ್ತದೆ. ಎಸ್6ರಲ್ಲಿ 1.8 ಇಂಚು, ಅಂದರೆ 45.7 ಮಿ.ಮೀ. ಎರಡೂವರೆ ಮಿ.ಮೀ.ನಲ್ಲಿ ಏನು ಮಹಾ ಅನ್ನಿಸಬಹುದು. ತಂತಿ ತಂತಿಯ ನಡುವೆ ಅದು ಹಂಚಿಹೋದಾಗ, ಒಂದು ತಂತಿ ಒತ್ತಿದ ಬೆರಳು ಪಕ್ಕದ ತಂತಿಯ ದನಿ ಕಟ್ಟಿಹಾಕುವುದು ನಿಲ್ಲುತ್ತದೆ. ಕೈ ಚಿಕ್ಕದಿದ್ದರೆ 1.72 ಇಂಚಿನ ಸ್ಲಿಮ್ ಮಾಡೆಲ್ ಕೂಡ ಇದೆ.

ಮೂರನೆಯದನ್ನು ಅಂಗಡಿಯಲ್ಲಿ ಜನ ಗಮನಿಸುವುದೇ ಇಲ್ಲ. ಎಸ್6ರ ತಲೆಭಾಗ ಮೇಲಕ್ಕೆ ಹೋಗುತ್ತಾ ಕಿರಿದಾಗುತ್ತದೆ. ನೋಡಲು ಸ್ವಲ್ಪ ವಿಚಿತ್ರ. ಆದರೆ ಅದರಿಂದ ತಂತಿ ನಟ್ ದಾಟಿದ ಮೇಲೆ ಪಕ್ಕಕ್ಕೆ ತಿರುಗದೆ ಹೆಚ್ಚುಕಡಿಮೆ ನೇರವಾಗಿ ಟ್ಯೂನಿಂಗ್ ಕೀಗೆ ಹೋಗುತ್ತದೆ. ತಂತಿ ನಟ್‌ನ ತೋಡಿನಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ, ಶ್ರುತಿ ಜಾರುವುದೂ ಕಡಿಮೆ. ಬ್ಯಾಕ್ ಮತ್ತು ಸೈಡ್ ವೈಲ್ಡ್ ಚೆರ್ರಿ ಮರದ ಪದರಗಳದ್ದು, ಪೂರ್ತಿ ಸಾಲಿಡ್ ಅಲ್ಲ, ಅದು ನೆನಪಿರಲಿ. ನೆಕ್ ಸಿಲ್ವರ್ ಲೀಫ್ ಮೇಪಲ್. ದೂರದ ದೇಶದ ದುಬಾರಿ ಮರಕ್ಕೆ ಹೋಗದೆ ತಮ್ಮ ಕಡೆ ಸಿಗುವ ಮರವನ್ನೇ ಬಳಸುವುದರಿಂದ ಅವರಿಗೆ ಈ ಬೆಲೆ ಸಾಧ್ಯವಾಗಿದೆ.

ಗೊಡಿನ್ ಮನೆಯ ಇನ್ನೊಂದು ವಾದ್ಯದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಗ್ಲಿಸೆಂಟಾರ್ ಅಂತ. ಅರಬ್ ನಾಡಿನ ಊದ್ ವಾದ್ಯದಿಂದ ಹುಟ್ಟಿದ ಯೋಚನೆ. 11 ನೈಲಾನ್ ತಂತಿ, ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಇಲ್ಲವೇ ಇಲ್ಲ. ಗಿಟಾರ್‌ನಲ್ಲಿ ಕರ್ನಾಟಕ ಸಂಗೀತದ ಗಮಕ ತರಲು ಹೆಣಗಿದವರಿಗೆ ಫ್ರೆಟ್ ಎಷ್ಟು ಅಡ್ಡಿ ಅಂತ ಗೊತ್ತಿರುತ್ತದೆ. ಸ್ವರದಿಂದ ಸ್ವರಕ್ಕೆ ಜಾರಿಸುವ ಕೈಗೆ ಅದು ತುಂಬಾ ಒಳ್ಳೆಯ ವಾದ್ಯ. ನಿಮ್ಮ ಈಗಿನ ಅಗತ್ಯಕ್ಕೆ ಅದು ಬೇಡ, ಆದರೆ ಇಂಥದೊಂದು ಇದೆ ಅಂತ ತಿಳಿದಿರಲಿ.

ಇನ್ನು ಕೋರ್ಟ್. ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಹಾಗಾಗಿ ಜನ ಅಗ್ಗದ ಮಾಲು ಅಂದುಕೊಂಡು ದಾಟಿಹೋಗುತ್ತಾರೆ. ಇದು ದಕ್ಷಿಣ ಕೊರಿಯಾದ ಕಾರ್‌ಟೆಕ್ ಕಂಪನಿಯ ಸ್ವಂತ ಬ್ರ್ಯಾಂಡ್. 1973ರಲ್ಲಿ ಶುರುವಾದ ಈ ಕಂಪನಿ ಹೆಚ್ಚಿನ ಕಾಲ ದುಡಿದದ್ದು ಬೇರೆಯವರ ಹೆಸರಿನಲ್ಲಿ. ಇಂಡೋನೇಷ್ಯಾದ ಸುರಬಾಯಾದಲ್ಲಿರುವ ಅದರ ಕಾರ್ಖಾನೆಯಲ್ಲಿ ಅಮೆರಿಕದ ಹೆಸರಾಂತ ಪಿಆರ್‌ಎಸ್ ಕಂಪನಿಯ ಎಸ್‌ಇ ಸರಣಿಯ ಗಿಟಾರ್‌ಗಳು ತಯಾರಾಗುತ್ತವೆ. ಆ ಎಸ್‌ಇಗಳನ್ನು ಹೊಗಳುವವರು, ಅದೇ ಕಂಪನಿ ತನ್ನ ಸ್ವಂತ ಹೆಸರಿನಲ್ಲಿ ಮಾಡುವುದನ್ನು ಒಮ್ಮೆ ಕೈಗೆತ್ತಿ ನೋಡಬೇಕಲ್ವಾ?

ಕೋರ್ಟ್‌ನಲ್ಲಿ ಮಾಡೆಲ್ ನೋಡಿ ಆರಿಸಬೇಕು. ಎಡಿ810 ಥರದ ಆರಂಭದ ಗಿಟಾರ್‌ಗಳ ಟಾಪ್ ಲ್ಯಾಮಿನೇಟ್, ಅಂದರೆ ಪದರ ಅಂಟಿಸಿದ ಮರ. ಕಲಿಯುವವರಿಗೆ ಅದು ಸಾಕು, ನಿಮಗೆ ಸಾಲದು. ಅರ್ತ್ ಸರಣಿಯಲ್ಲಿ ಸಾಲಿಡ್ ಸ್ಪ್ರೂಸ್ ಟಾಪ್ ಸಿಗುತ್ತದೆ. ಗೋಲ್ಡ್ ಸರಣಿಯಲ್ಲಿ ಟಾಪ್ ಮರವನ್ನು ಮೊದಲೇ ಕಾಯಿಸಿ ಹದ ಮಾಡಿರುತ್ತಾರೆ, ಹಳೆಯ ಗಿಟಾರ್‌ನ ಬಿಚ್ಚು ದನಿ ಬೇಗ ಬರಲಿ ಅಂತ. ಅರ್ತ್ ಸರಣಿ ನಿಮ್ಮ ಬಜೆಟ್‌ನೊಳಗೆ ಆರಾಮಾಗಿ ಬರುತ್ತದೆ, ಸೆಟಪ್‌ಗೂ (ತಂತಿಯ ಎತ್ತರ, ನೆಕ್ ಎಲ್ಲ ಹದ ಮಾಡಿಸುವುದಕ್ಕೂ) ಒಳ್ಳೆಯ ಕೇಸ್‌ಗೂ ದುಡ್ಡು ಉಳಿಯುತ್ತದೆ. ಈ ಕಂಪನಿಯ ಬಗ್ಗೆ ಇನ್ನೊಂದು ವಿಷಯವೂ ನಿಮಗೆ ಗೊತ್ತಿರಬೇಕು. 2007ರಲ್ಲಿ ಕೊರಿಯಾದ ಕಾರ್ಖಾನೆಗಳಿಂದ ಕೆಲಸಗಾರರನ್ನು ತೆಗೆದುಹಾಕಿದಾಗ ಶುರುವಾದ ಹೋರಾಟ 2019ರಲ್ಲಿ ಒಪ್ಪಂದವಾಗುವವರೆಗೆ ನಡೆಯಿತು. ಗಿಟಾರ್ ಮಾಡುವ ಕೈಗಳ ಬಗ್ಗೆ ಕಾಳಜಿ ಇರುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಬೇಕು ಕೂಡ.

ಮೂರನೆಯ ಹೆಸರು ಈಸ್ಟ್‌ಮನ್. ಚೀನಾದ್ದು ಅಂದ ತಕ್ಷಣ ಮೂಗು ಮುರಿಯುವವರು ಇದನ್ನು ಒಮ್ಮೆ ನುಡಿಸಿ ನೋಡಲಿ. ಸಂಗೀತ ಓದಲು ಅಮೆರಿಕಕ್ಕೆ ಹೋಗಿದ್ದ ಚಿಯೆನ್ ನಿ 1992ರಲ್ಲಿ ಶುರು ಮಾಡಿದ ಕಂಪನಿ ಇದು. ಮೊದಲು ಮಾಡುತ್ತಿದ್ದುದು ಪಿಟೀಲು. ಪಿಟೀಲಿನ ಹೊಟ್ಟೆ ಮತ್ತು ಬೆನ್ನನ್ನು ಉಳಿಯಿಂದ ಕೆತ್ತಿ ತೆಗೆಯಬೇಕು, ದಪ್ಪ ಎಲ್ಲಿ ಎಷ್ಟಿರಬೇಕು ಅಂತ ಕೈಗೆ ಗೊತ್ತಿರಬೇಕು. ಅದೇ ಕೈಗಳು ಬೀಜಿಂಗ್‌ನ ಕಾರ್ಯಾಗಾರದಲ್ಲಿ ಜಾಝ್ ಸಂಗೀತದ ಆರ್ಚ್‌ಟಾಪ್ (ಕಮಾನಿನಂತೆ ಉಬ್ಬಿದ ಟಾಪ್‌ನ) ಗಿಟಾರ್, ಮ್ಯಾಂಡೋಲಿನ್‌ಗಳನ್ನು ಕೆತ್ತತೊಡಗಿದವು. ಆಮೇಲೆ ಮಾಮೂಲಿ ಅಕೌಸ್ಟಿಕ್ ಬಂತು. ಇವರ ಇ1, ಇ2 ಸಾಲಿನ ಗಿಟಾರ್‌ಗಳಲ್ಲಿ ಟಾಪ್, ಬ್ಯಾಕ್, ಸೈಡ್ ಎಲ್ಲವೂ ಸಾಲಿಡ್ ಮರ. ಬ್ಯಾಕ್ ಮತ್ತು ಸೈಡ್ ಸಪೇಲೆ ಅನ್ನುವ ಮರದ್ದು. ಇ1ರ ಟಾಪ್ ಸ್ಪ್ರೂಸ್, ಇ2ರದು ಸೀಡರ್. ಮೇಲಿನ ಬಣ್ಣದ ಲೇಪ ತೀರಾ ತೆಳು. ದಪ್ಪ ವಾರ್ನಿಷ್ ಬಳಿದರೆ ಹೊಳಪು ಚೆನ್ನ, ಆದರೆ ಟಾಪ್ ಬಿಡುಬೀಸಾಗಿ ಕಂಪಿಸುವುದಿಲ್ಲ.

ಈಸ್ಟ್‌ಮನ್ ಕೆಲಸ ಯಾವ ಮಟ್ಟದ್ದು ಅನ್ನುವುದಕ್ಕೆ ಒಂದು ಸಾಕ್ಷಿ ಕೊಡುತ್ತೇನೆ. ಅಮೆರಿಕದ ಮೇನ್ ರಾಜ್ಯದಲ್ಲಿ ಡೇನಾ ಬೂಜ್ವಾ ಅವರ ಹೆಸರಾಂತ ಕಾರ್ಯಾಗಾರ ಇದೆ, ಗಿಟಾರ್ ಮಾಡುವವರ ನಡುವೆ ಅವರಿಗೆ ದೊಡ್ಡ ಗೌರವ. 2019ರಲ್ಲಿ ಅವರು ಈಸ್ಟ್‌ಮನ್ ಜೊತೆ ಕೈಜೋಡಿಸಿದರು. ಟಚ್‌ಸ್ಟೋನ್ ಅನ್ನುವ ಸರಣಿಗೆ ಟಾಪ್ ಸಿದ್ಧವಾಗುವುದು ಮೇನ್‌ನಲ್ಲಿ, ಉಳಿದ ಗಿಟಾರ್ ಬೀಜಿಂಗ್‌ನಲ್ಲಿ. ತಮ್ಮ ಹೆಸರಿಟ್ಟು ಬೇರೆಯವರ ಕೈಗೆ ಕೊಡುವಾಗ ಅಂಥವರು ಸುಮ್ನೆ ಕೊಡುವುದಿಲ್ಲ. ಈಸ್ಟ್‌ಮನ್ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ತರಿಸಬೇಕಾಗಬಹುದು, ಬಜೆಟ್ ಸ್ವಲ್ಪ ಎಳೆಯಬೇಕಾಗಬಹುದು. ಆದರೆ ಪೂರ್ತಿ ಸಾಲಿಡ್ ಮರದ ಗಿಟಾರ್ ಬೇಕೇ ಬೇಕು ಅನ್ನುವವರು ಮೊದಲು ವಿಚಾರಿಸಬೇಕಾದ್ದು ಇದನ್ನೇ.

ಹೊರದೇಶದಲ್ಲಿ ನೆಂಟರಿದ್ದರೆ ಇನ್ನೂ ಕೆಲವು ಬಾಗಿಲು ತೆರೆಯುತ್ತವೆ. ಮೆಲ್ಬರ್ನ್‌ನಲ್ಲಿ ಕನ್ನಡದವರು ಬಹಳ ಜನ ಇದ್ದಾರೆ. ಅಲ್ಲೇ 1946ರಲ್ಲಿ ಬಿಲ್ ಮೇ ಶುರು ಮಾಡಿದ ಮೇಟನ್ ಕಂಪನಿ ಇದೆ. ಆಸ್ಟ್ರೇಲಿಯಾದ ಬ್ಲ್ಯಾಕ್‌ವುಡ್, ಕ್ವೀನ್ಸ್‌ಲ್ಯಾಂಡ್ ಮೇಪಲ್, ಬುನ್ಯಾ ಅಂತ ತಮ್ಮ ನೆಲದ ಮರದಲ್ಲೇ ಗಿಟಾರ್ ಮಾಡುತ್ತಾರೆ. ಬೆರಳಿನಿಂದ ನುಡಿಸುವುದರಲ್ಲಿ ಹೆಸರಾದ ಆಸ್ಟ್ರೇಲಿಯಾದ ಟಾಮಿ ಎಮಾನ್ಯುಯೆಲ್ ನುಡಿಸುವುದು ಇವರದೇ. ನಿಮ್ಮ ಬಜೆಟ್ ಮೀರುತ್ತದೆ, ಆದರೆ ಬೆರಳಿನಿಂದ ನುಡಿಸುವವರು ಒಂದಲ್ಲ ಒಂದು ದಿನ ಇದನ್ನು ನುಡಿಸಿ ನೋಡಬೇಕು. ಜೆಕ್ ದೇಶದ ಫುರ್ಖ್ ಕೂಡ ಇದೇ ಮಟ್ಟದ್ದು. ಸ್ವಂತ ಉದ್ಯಮಕ್ಕೆ ಅವಕಾಶವಿಲ್ಲದ ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ, 1981ರಲ್ಲಿ, ಫ್ರಾಂಟಿಶೆಕ್ ಫುರ್ಖ್ ಗುಟ್ಟಾಗಿ ಗಿಟಾರ್ ಮಾಡಿ ಮಾರುತ್ತಿದ್ದರು. ಇವತ್ತು ಅವರ ಗಿಟಾರ್‌ಗಳಷ್ಟು ಶುದ್ಧವಾದ ಕೈಕೆಲಸ ಆ ಬೆಲೆಯಲ್ಲಿ ಅಪರೂಪ. ನೈಲಾನ್ ತಂತಿಯ ಗಿಟಾರ್ ಇಷ್ಟಪಡುವವರಿಗೆ ಬಲ್ಗೇರಿಯಾದ ಕಜಾನ್ಲಕ್‌ನ ಕ್ರೆಮೋನಾ ಇದೆ, 1924ರಿಂದ. ಎಲೆಕ್ಟ್ರಿಕ್ ಕಡೆ ಮನಸ್ಸಿದ್ದರೆ ಜಪಾನಿನ ಮತ್ಸುಮೊಟೊ ಊರಿನ ಫುಜಿಗೆನ್. ಇಬನೇಜ್, ಗ್ರೆಕೊ ಹೆಸರಿನಲ್ಲಿ ಬಂದ ಅದೆಷ್ಟೋ ಒಳ್ಳೆಯ ಗಿಟಾರ್‌ಗಳನ್ನು, 1982ರಿಂದ ಹಲವು ವರ್ಷ ಜಪಾನಿನ ಫೆಂಡರ್‌ಗಳನ್ನು ಮಾಡಿದ್ದು ಅವರೇ. ಈಗ ಎಫ್‌ಜಿಎನ್ ಅಂತ ಸ್ವಂತ ಹೆಸರಿನಲ್ಲೂ ಮಾರುತ್ತಾರೆ.

ಹೊರಗಿನಿಂದ ತರಿಸುವಾಗ ರೋಸ್‌ವುಡ್ ಇದ್ದರೆ ಪರವಾನಗಿ ಬೇಕಾ ಅಂತ ತುಂಬಾ ಜನ ಕೇಳುತ್ತಾರೆ. 2017ರಲ್ಲಿ ಎಲ್ಲ ರೋಸ್‌ವುಡ್ ಜಾತಿಗಳ ಸಾಗಣೆಗೂ ಅಂತರರಾಷ್ಟ್ರೀಯ ನಿಯಮ ಬಂತು. 2019ರ ನವೆಂಬರ್‌ನಿಂದ ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಬ್ರೆಜಿಲ್ ರೋಸ್‌ವುಡ್‌ಗೆ ಮಾತ್ರ ಹಳೆಯ ಬಿಗಿ ನಿಯಮವೇ ಇದೆ. ಅಂದಹಾಗೆ, ಗಿಟಾರ್ ಲೋಕ ಇಂಡಿಯನ್ ರೋಸ್‌ವುಡ್ ಅಂತ ಕೊಂಡಾಡುವುದು ನಮ್ಮ ಪಶ್ಚಿಮ ಘಟ್ಟದ ಬೀಟೆ ಮರವನ್ನೇ. ಮೈಸೂರಿನ ಇನ್‌ಲೇ ಕುಶಲಕರ್ಮಿಗಳು ಚಿತ್ತಾರ ಕೂರಿಸುವ ಅದೇ ಕಪ್ಪು-ಕೆನ್ನೀಲಿ ಮರ. ಬ್ರೆಜಿಲ್ ತನ್ನ ಮರದ ದಿಮ್ಮಿಗಳನ್ನು ಹೊರಗೆ ಕಳಿಸುವುದು ನಿಲ್ಲಿಸಿದ ಮೇಲೆ, 1969ರ ಹೊತ್ತಿಗೆ ಮಾರ್ಟಿನ್ ಕೂಡ ಡಿ-28ಕ್ಕೆ ಇದನ್ನೇ ಹಿಡಿಯಿತು. ಮಲೆನಾಡಿನವರು ನೀವು, ನಿಮಗೆ ಇದು ಇಷ್ಟವಾಗಬಹುದು.

ನಮ್ಮ ದೇಶದ ತಯಾರಕರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೋಲ್ಕತ್ತದಲ್ಲಿ ಬಹಳ ಹಿಂದಿನಿಂದ ಗಿಟಾರ್ ತಯಾರಾಗುತ್ತಿದೆ. ನಮ್ಮಲ್ಲಿ ಎಷ್ಟೋ ಜನರ ಮೊದಲ ಗಿಟಾರ್ ಅಲ್ಲಿಂದಲೇ ಬಂದದ್ದು. ಅವು ಹೆಚ್ಚಾಗಿ ಕಲಿಕೆಯ ಗಿಟಾರ್‌ಗಳು, ನೀವು ಆ ಹಂತ ದಾಟಿದ್ದೀರಿ. ಕೈಯಿಂದ ಒಂದೊಂದಾಗಿ ಮಾಡುವವರೂ ಇದ್ದಾರೆ. ಡೆಹ್ರಾಡೂನ್ ಗಿಟಾರ್ ಕಂಪನಿ ಅಂಥದು. ಆರೋವಿಲ್‌ನಲ್ಲೂ ಈ ಕೆಲಸ ನಡೆಯುತ್ತದೆ. ಇವರ ಬಳಿ ಹೇಳಿ ಮಾಡಿಸಿಕೊಳ್ಳಬೇಕು, ಕಾಯಬೇಕು, ದುಡ್ಡೂ ಜಾಸ್ತಿ. ನಿಮ್ಮ ಮುಂದಿನ ಗಿಟಾರ್‌ಗೆ ಮನಸ್ಸಿನಲ್ಲಿರಲಿ.

ಈಗ ಅಂಗಡಿಯಲ್ಲಿ ಏನು ನೋಡಬೇಕು ಅಂತ. ಹೆಸರು ಯಾವುದೇ ಇರಲಿ, ಇದನ್ನು ಬಿಡಬೇಡಿ.

ಮೊದಲು ಸೌಂಡ್‌ಹೋಲ್‌ನ (ಟಾಪ್‌ನ ನಡುವಿನ ದುಂಡು ತೂತಿನ) ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಟಾಪ್‌ನ ಮೇಲೆ ಕಾಣುವ ಮರದ ಗೆರೆಗಳು ಅಂಚಿನಲ್ಲಿ ಹಾಗೇ ಕೆಳಕ್ಕೆ ಇಳಿದರೆ ಅದು ಸಾಲಿಡ್ ಟಾಪ್. ಮೇಲೊಂದು ತೆಳು ಹಾಳೆ, ನಡುವೆ ಬೇರೆ ಬಣ್ಣದ ಅಡ್ಡ ಪದರ, ಕೆಳಗೆ ಇನ್ನೊಂದು ಹಾಳೆ ಕಂಡರೆ ಲ್ಯಾಮಿನೇಟ್, ಅಂಗಡಿಯವರು ಏನೇ ಹೇಳಲಿ. ಕೆಲವರು ಅಂಚಿಗೆ ಬಣ್ಣ ಬಳಿದು ಮುಚ್ಚಿರುತ್ತಾರೆ. ಆಗ ಮಾಡೆಲ್ ನಂಬರ್ ಹಿಡಿದು ಕಂಪನಿಯ ವಿವರ ಪಟ್ಟಿ ನೋಡಿ. ಅದರಲ್ಲಿ ‘ಸಾಲಿಡ್’ ಅನ್ನುವ ಪದ ಇರಲೇಬೇಕು. ಬರೀ ‘ಸ್ಪ್ರೂಸ್ ಟಾಪ್’ ಅಂತಿದ್ದರೆ ಲ್ಯಾಮಿನೇಟ್ ಅಂತಲೇ ತಿಳಿಯಿರಿ.

ಆಮೇಲೆ ದಪ್ಪ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲಿ ಒಂದು ಕೈಯಿಂದ, 14ನೇ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್‌ನ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ನೆಕ್ ಹದವಾಗಿದೆ. ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ನೆಕ್‌ನೊಳಗಿನ ಟ್ರಸ್ ರಾಡ್ ಅನ್ನುವ ಲೋಹದ ಸರಳು ತಿರುಗಿಸಿ ಸರಿ ಮಾಡಬಹುದು, ಗಾಬರಿ ಬೇಡ. 12ನೇ ಫ್ರೆಟ್ ಮೇಲೆ ದಪ್ಪ ತಂತಿ ಸುಮಾರು 2.4 ಮಿ.ಮೀ., ಸಣ್ಣ ತಂತಿ 2 ಮಿ.ಮೀ. ಒಳಗೆ ಇದ್ದರೆ ಬೆರಳಿಗೆ ಹಿತ. ಜಾಸ್ತಿ ಇದ್ದರೆ ಬ್ರಿಡ್ಜ್ (ಟಾಪ್ ಮೇಲೆ ತಂತಿ ಕಟ್ಟುವ ಮರದ ತುಂಡು) ಮೇಲಿನ ಸ್ಯಾಡಲ್, ಅಂದರೆ ತಂತಿ ಕೂರುವ ಸಣ್ಣ ಪಟ್ಟಿ ನೋಡಿ. ಅದು 3 ಮಿ.ಮೀ.ಯಾದರೂ ಮೇಲೆ ಕಾಣುತ್ತಿದ್ದರೆ ಕೆಳಗಿನಿಂದ ಉಜ್ಜಿ ಇಳಿಸಲು ಜಾಗ ಇದೆ. ಸ್ಯಾಡಲ್ ಈಗಾಗಲೇ ಬ್ರಿಡ್ಜ್‌ಗೆ ಅಂಟಿಕೊಂಡಷ್ಟು ತಗ್ಗಿದ್ದು, ತಂತಿ ಇನ್ನೂ ಎತ್ತರ ಇದ್ದರೆ ನೆಕ್‌ನ ಕೋನವೇ ತಪ್ಪಿದೆ ಅಂತ ಅರ್ಥ. ಆ ಗಿಟಾರ್ ಎಷ್ಟೇ ಚಂದ ಇರಲಿ, ಅಲ್ಲೇ ಬಿಟ್ಟು ಬನ್ನಿ. ಕೊನೆಗೆ ನೆಕ್‌ನ ಎರಡೂ ಅಂಚಿಗೆ ಬೆರಳು ಸವರಿ. ಫ್ರೆಟ್‌ನ ತುದಿಗಳು ಚುಚ್ಚಿದರೆ ಮರ ಒಣಗಿ ಕುಗ್ಗಿದೆ.

ಶಿವಮೊಗ್ಗದ ಮಳೆಗಾಲಕ್ಕೆ ಈ ಒಣಗುವ ಸಮಸ್ಯೆಗಿಂತ ಊದಿಕೊಳ್ಳುವ ಸಮಸ್ಯೆ ಜಾಸ್ತಿ. ಸಾಲಿಡ್ ಮರಕ್ಕೆ ಗಾಳಿಯ ತೇವ 45ರಿಂದ 55 ಶೇಕಡಾ ಇದ್ದರೆ ಹಿತ. ಜೂನ್ ಬಂದ ಮೇಲೆ ನಿಮ್ಮ ಕಡೆ ಅದು ಎಷ್ಟೋ ಮೇಲೆ ಹೋಗುತ್ತದೆ. ಆಗ ಬ್ರಿಡ್ಜ್‌ನ ಹಿಂದೆ ಟಾಪ್ ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ದನಿ ಮಂಕಾಗುತ್ತದೆ. ಗಿಟಾರನ್ನು ಗೋಡೆಗೆ ತೂಗುಹಾಕದೆ ಗಟ್ಟಿ ಕೇಸ್‌ನಲ್ಲಿಡಿ. ಒಳಗೆ ಒಂದೆರಡು ದೊಡ್ಡ ಸಿಲಿಕಾ ಜೆಲ್ ಚೀಲ, ಜೊತೆಗೊಂದು ತೇವ ಅಳೆಯುವ ಸಣ್ಣ ಹೈಗ್ರೋಮೀಟರ್ ಇರಲಿ. ಜೆಲ್ ತೇವ ಕುಡಿದ ಮೇಲೆ ಒಣಗಿಸಿ ಮತ್ತೆ ಇಡಬೇಕು. ಅಷ್ಟು ಮಾಡಲು ಆಗುವುದಿಲ್ಲ ಅನ್ನುವವರಿಗೆ ಟಾಪ್ ಮಾತ್ರ ಸಾಲಿಡ್ ಇದ್ದು ಉಳಿದದ್ದು ಪದರದ ಮರ ಇರುವ ಗಿಟಾರೇ ಕ್ಷೇಮ. ಸೀಗಲ್ ಎಸ್6 ಬಗ್ಗೆ ನನಗೆ ಒಲವು ಇರುವುದಕ್ಕೆ ಇದೂ ಒಂದು ಕಾರಣ.

ರಿಪೇರಿ ಬಗ್ಗೆ ಚಿಂತೆ ಬೇಡ. ಫ್ರೆಟ್, ನಟ್, ಸ್ಯಾಡಲ್, ಟ್ಯೂನಿಂಗ್ ಕೀ ಇವೆಲ್ಲ ಯಾವ ಗಿಟಾರ್‌ನದೇ ಆದರೂ ಕೆಲಸ ಗೊತ್ತಿರುವವರು ಮಾಡಿಕೊಡುತ್ತಾರೆ. ಅದಕ್ಕೆ ಕಂಪನಿಯ ಸೇವಾ ಕೇಂದ್ರವೇ ಬೇಕಿಲ್ಲ. ಸುಲಭವಾಗಿ ಸಿಗದೆ ಇರುವುದು ದನಿಯನ್ನು ಸ್ಪೀಕರ್‌ಗೆ ಕಳಿಸುವ ಪಿಕಪ್‌ನ ಒಳಗಿನ ಎಲೆಕ್ಟ್ರಾನಿಕ್ಸ್. ಅದು ಕೆಟ್ಟರೆ ಅದೇ ಭಾಗಕ್ಕೆ ಕಾಯುವ ಬದಲು ಬೇರೆ ಪಿಕಪ್ ಕೂರಿಸಬಹುದು. ನೀವು ವೇದಿಕೆಯಲ್ಲಿ ನುಡಿಸುವವರಲ್ಲದಿದ್ದರೆ ಪಿಕಪ್ ಇಲ್ಲದ ಮಾಡೆಲ್ ಕೊಳ್ಳಿ, ಅದೇ ದುಡ್ಡು ಮರಕ್ಕೆ ಹೋಗಲಿ.

ಮರುಮಾರಾಟದ ವಿಷಯದಲ್ಲಿ ನಿಮ್ಮ ಗೆಳೆಯರು ಹೇಳುವುದು ನಿಜ. ಹೆಸರಿರುವ ಗಿಟಾರ್ ಬೇಗ ಹೋಗುತ್ತದೆ. ಸೀಗಲ್, ಈಸ್ಟ್‌ಮನ್ ಮಾರಲು ಹೊರಟರೆ ಗೊತ್ತಿರುವ ಗಿರಾಕಿ ಸಿಗುವವರೆಗೆ ಕಾಯಬೇಕು. ಒಂದೆರಡು ವರ್ಷದಲ್ಲೇ ಮಾರುವ ಯೋಚನೆ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹತ್ತು ವರ್ಷ ನುಡಿಸುತ್ತೇನೆ ಅಂತಿದ್ದರೆ ಆ ಮಾತು ಬಿಡಿ. ಇದೇ ವಿಷಯ ಉಲ್ಟಾ ಕೂಡ ಕೆಲಸ ಮಾಡುತ್ತದೆ: ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇಂಥ ಗಿಟಾರ್‌ಗಳು ಕೆಲವೊಮ್ಮೆ ಒಳ್ಳೆಯ ಬೆಲೆಗೆ ಬರುತ್ತವೆ. ಮೇಲೆ ಹೇಳಿದ ಪರೀಕ್ಷೆ ಮಾಡಿ ತೆಗೆದುಕೊಳ್ಳಿ.

ನಿಮಗೆ ನನ್ನ ಸಲಹೆ ಇದು. ಮೊದಲು ಸೀಗಲ್ ಎಸ್6 ವಿಚಾರಿಸಿ, ಬಜೆಟ್‌ಗೆ ಹೊಂದಿದರೆ ಅದನ್ನೇ ತೆಗೆದುಕೊಳ್ಳಿ. ಸಿಗದಿದ್ದರೆ ಸಾಲಿಡ್ ಟಾಪ್‌ನ ಕೋರ್ಟ್ ಅರ್ತ್ ಕೊಂಡು, ಉಳಿದ ದುಡ್ಡಿನಲ್ಲಿ ಒಳ್ಳೆಯ ಕಡೆ ಸೆಟಪ್ ಮಾಡಿಸಿ, ಗಟ್ಟಿ ಕೇಸ್ ತೆಗೆದುಕೊಳ್ಳಿ. ಬೆಂಗಳೂರಿಗೆ ಬರುವಾಗ ನಿಮ್ಮ ಹಳೆಯ ಗಿಟಾರನ್ನೂ ತನ್ನಿ. ಅಂಗಡಿಯಲ್ಲಿ ಒಂದೇ ಭಾವಗೀತೆಯನ್ನು ಮೊದಲು ಅದರಲ್ಲಿ, ಆಮೇಲೆ ಹೊಸದರಲ್ಲಿ ಮೆಲ್ಲಗೆ ಮೀಟಿ ನೋಡಿ. ಜೊತೆಗೆ ಬಂದವರಿಗೆ ಎದುರು ಕೂತು ಕೇಳಲು ಹೇಳಿ. ಗಿಟಾರ್‌ನ ದನಿ ಮುಂದಕ್ಕೆ ಹೋಗುತ್ತದೆ, ನುಡಿಸುವವರಿಗಿಂತ ಎದುರಿಗೆ ಕೂತವರಿಗೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.